ಮಂಚಕ್ಕಿಂತ ಮೊದಲು ಬಾಗಿಲು ಎಣಿಸಿ: ಪುಟ್ಟ ಮಕ್ಕಳಿರುವವರು ಹೋಟೆಲ್ ರೂಮು ಕಾಯ್ದಿರಿಸುವ ಬಗೆ

ರಾತ್ರಿ ಎಂಟೂವರೆ. ಒಂದೂವರೆ ವರ್ಷದ ಮಗಳು ತೊಟ್ಟಿಲಿನಲ್ಲಿ, ನಾಲ್ಕು ವರ್ಷದ ಮಗ ಮಂಚದಲ್ಲಿ, ಅಂತೂ ಇಬ್ಬರೂ ನಿದ್ದೆಗೆ ಜಾರಿದ್ದಾರೆ. ಅವರ ಅಪ್ಪ ಮುಚ್ಚಿದ ಕಮೋಡಿನ ಮೇಲೆ, ನಾನು ಬಾತ್‌ಟಬ್ಬಿನ ಅಂಚಿನ ಮೇಲೆ. ಸ್ನಾನದ ಮನೆಯ ದೀಪಕ್ಕೂ ಗಾಳಿ ಎಳೆಯುವ ಫ್ಯಾನಿಗೂ ಒಂದೇ ಸ್ವಿಚ್. ಫ್ಯಾನ್ ಗುರುಗುಟ್ಟಿದರೆ ಮಗಳು ಏಳುತ್ತಾಳೆಂದು ದೀಪ ಹಾಕದೆ, ಮೊಬೈಲಿನ ಬೆಳಕಿನಲ್ಲಿ ಮರುದಿನದ ರೈಲಿನ ಸಮಯ ನೋಡುತ್ತಿದ್ದೇವೆ. ಆ ರೂಮಿಗೆ ಹೋಟೆಲಿನವರು ಇಟ್ಟಿದ್ದ ಹೆಸರು ‘ಫ್ಯಾಮಿಲಿ ರೂಮ್’. ನಾಲ್ವರು ಮಲಗಬಹುದು ಎಂದು ಬರೆದಿದ್ದರು. ಸುಳ್ಳೇನಲ್ಲ. ನಾಲ್ವರೂ ಎಂಟು ಗಂಟೆಗೇ ಮಲಗಬೇಕಿತ್ತು, ಅಷ್ಟೇ.

ಅಂದಿನಿಂದ ರೂಮು ಹುಡುಕುವಾಗ ನಾನು ಮಂಚಕ್ಕಿಂತ ಮೊದಲು ಬಾಗಿಲು ಎಣಿಸುತ್ತೇನೆ. ಮಗು ಮಲಗುವ ಜಾಗಕ್ಕೂ ದೊಡ್ಡವರು ಎಚ್ಚರವಾಗಿ ಕೂರುವ ಜಾಗಕ್ಕೂ ನಡುವೆ ಮುಚ್ಚಬಹುದಾದ ಒಂದು ಬಾಗಿಲಿದೆಯೇ? ಬಾಗಿಲಿಲ್ಲದಿದ್ದರೆ ಅಡ್ಡಗೋಡೆಯೋ, ತಿರುವಿರುವ ಮೂಲೆಯೋ, ಕುರ್ಚಿ ಹಾಕಲು ಬಾಲ್ಕನಿಯೋ ಇದೆಯೇ? ಹೋಟೆಲಿನ ಜಾಲತಾಣಗಳು ಹೇಳುವುದು ಎಷ್ಟು ಜನ ಹಿಡಿಸುತ್ತಾರೆ ಎಂಬುದನ್ನು ಮಾತ್ರ. ಸಂಜೆ ಹೇಗೆ ಕಳೆಯುತ್ತದೆ ಎಂಬುದನ್ನು ನಾವೇ ಕಂಡುಹಿಡಿದುಕೊಳ್ಳಬೇಕು.

1. ಮೊದಲು ನಿಮ್ಮ ಮನೆಯ ರಾತ್ರಿಯನ್ನು ಕಾಗದಕ್ಕಿಳಿಸಿ

ಹೋಟೆಲ್ ಹುಡುಕುವ ಮೊದಲು ಐದು ನಿಮಿಷ ಕುಳಿತು ಬರೆಯಿರಿ: ಯಾವ ಮಗು ಎಷ್ಟು ಗಂಟೆಗೆ ಮಲಗುತ್ತದೆ, ಸದ್ದಿಗೆ ಏಳುತ್ತದೆಯೇ, ಬೆಳಕಿಗೆ ಏಳುತ್ತದೆಯೇ, ರಾತ್ರಿ ಎಷ್ಟು ಸಲ ಹಾಲಿಗೆ ಎದ್ದೇಳುತ್ತದೆ, ಒಂದು ಮಗು ಅತ್ತರೆ ಇನ್ನೊಂದು ಏಳುತ್ತದೆಯೇ, ಮಧ್ಯಾಹ್ನದ ನಿದ್ದೆ ಎಷ್ಟು ಹೊತ್ತಿಗೆ. ಮನೆಯಲ್ಲಿ ನಿಮಗೆ ಇದೆಲ್ಲ ಬಾಯಿಪಾಠ. ಆದರೆ ಬರೆದಾಗ ಮಾತ್ರ ನಿಮಗೆ ಬೇಕಾದ ರೂಮಿನ ನಕ್ಷೆ ಕಾಣತೊಡಗುತ್ತದೆ.

ವಯಸ್ಸಿಗೆ ತಕ್ಕಂತೆ ಬೇಡಿಕೆ ಬದಲಾಗುತ್ತದೆ. ಆರು ತಿಂಗಳೊಳಗಿನ ಕೂಸಿಗೆ ಬಾಗಿಲು ಬೇಡವೇ ಬೇಡ. ಆ ವಯಸ್ಸಿನಲ್ಲಿ ಮಗು ತಾಯ್ತಂದೆಯರ ಕೋಣೆಯಲ್ಲೇ, ಆದರೆ ತನ್ನದೇ ಪ್ರತ್ಯೇಕ ಹಾಸಿಗೆಯಲ್ಲಿ ಮಲಗಬೇಕೆಂದು ಮಕ್ಕಳ ವೈದ್ಯರು ಹೇಳುತ್ತಾರೆ. ಕೂಸಿನೊಂದಿಗಿನ ಪ್ರವಾಸ ಹಾಗಾಗಿ ಅಂದುಕೊಂಡದ್ದಕ್ಕಿಂತ ಸುಲಭ. ಸಾಧಾರಣ ಡಬಲ್ ರೂಮು, ತೊಟ್ಟಿಲಿಗೆ ಜಾಗ, ಹಾಲಿನ ವ್ಯವಸ್ಥೆ, ಇಷ್ಟಿದ್ದರೆ ಸಾಕು. ನಿಜವಾದ ಕಷ್ಟ ಎಂಟು ತಿಂಗಳಿಂದ ಮೂರು ವರ್ಷದವರೆಗೆ. ತೊಟ್ಟಿಲ ಕಂಬಿ ಹಿಡಿದು ಎದ್ದು ನಿಂತು, ಅಪ್ಪ ಅಮ್ಮ ಎರಡು ಮಾರು ದೂರದಲ್ಲಿ ಕುಳಿತಿರುವುದನ್ನು ಕಂಡ ಮಗು ಮತ್ತೆ ಮಲಗುವುದುಂಟೇ? ಬಾಗಿಲಿಗೆ ದುಡ್ಡು ಖರ್ಚು ಮಾಡಬೇಕಾದದ್ದು ಈ ವರ್ಷಗಳಲ್ಲಿ. ನಾಲ್ಕೈದು ವರ್ಷ ದಾಟಿದ ಮಕ್ಕಳು ದೀಪ ಉರಿಯುತ್ತಿದ್ದರೂ ಮಲಗುತ್ತಾರೆ. ಅವರಿಗೆ ಬೇಕಾದದ್ದು ಸ್ವಂತ ಮಂಚ, ಮತ್ತು ಆ ಮಂಚದಿಂದ ಉರುಳದಂತೆ ಒಂದು ತಡೆ.

2. ರೂಮಿನ ಹೆಸರುಗಳನ್ನು ಬಿಡಿಸಿ ಓದಿ

ಅರ್ಧಕ್ಕರ್ಧ ನಿರಾಸೆ ಹುಟ್ಟುವುದು ಇಲ್ಲಿ. ಹೆಸರು ಕೇಳಿ ನಾವು ಒಂದನ್ನು ಊಹಿಸಿಕೊಂಡಿರುತ್ತೇವೆ, ಹೋಟೆಲಿನವರ ಲೆಕ್ಕ ಇನ್ನೊಂದಿರುತ್ತದೆ.

‘ಡಬಲ್’ ಎಂದರೆ ಇಬ್ಬರಿಗೆ ಒಂದು ಮಂಚ, ‘ಟ್ವಿನ್’ ಎಂದರೆ ಬೇರೆಬೇರೆ ಎರಡು ಸಣ್ಣ ಮಂಚ. ‘ಟ್ರಿಪಲ್’, ‘ಕ್ವಾಡ್’ ಎಂಬುವು ಜನರ ಸಂಖ್ಯೆಯೇ ಹೊರತು ಮಂಚಗಳ ಸಂಖ್ಯೆಯಲ್ಲ. ಟ್ರಿಪಲ್ ಎಂದು ಒಂದು ದೊಡ್ಡ ಮಂಚದ ಪಕ್ಕ ಮಡಚುವ ಮಂಚವೊಂದನ್ನು ಎಳೆದು ತಂದಿಡುವುದುಂಟು. ‘ಸ್ಟುಡಿಯೊ’ ಎಂದರೆ ಒಂದೇ ಕೋಣೆ, ಅದರ ಮೂಲೆಯಲ್ಲಿ ಪುಟ್ಟ ಅಡುಗೆ ಕಟ್ಟೆ, ಬಾಗಿಲಿಲ್ಲ. ‘ಫ್ಯಾಮಿಲಿ ರೂಮ್’ ಎಂಬುದಕ್ಕಂತೂ ನಿಶ್ಚಿತ ಅರ್ಥವೇ ಇಲ್ಲ. ಒಂದು ಕಡೆ ಅದು ಎರಡು ಕೋಣೆ, ಇನ್ನೊಂದು ಕಡೆ ಸೋಫಾ ಇರುವ ಒಂದು ಕೋಣೆ.

ಎಲ್ಲಕ್ಕಿಂತ ಹೆಚ್ಚು ಮೋಸಹೋಗುವುದು, ಕನ್ನಡದಲ್ಲಿ ಬರೆದರೆ ಮಿಠಾಯಿ ಅಂಗಡಿಯ ನೆನಪಾಗುವ ‘ಸ್ವೀಟ್’ (suite), ಅಂದರೆ ಮಲಗುವ ಜಾಗದ ಜೊತೆಗೆ ಕೂರುವ ಜಾಗವೂ ಇರುವ ರೂಮಿನ ವಿಷಯದಲ್ಲಿ. ‘ಜೂನಿಯರ್ ಸ್ವೀಟ್’ ಸಾಮಾನ್ಯವಾಗಿ ಒಂದೇ ದೊಡ್ಡ ಕೋಣೆ. ಒಂದು ಬದಿಯಲ್ಲಿ ಸೋಫಾ ಹಾಕಿ ಅದನ್ನು ಕೂರುವ ಜಾಗ ಎಂದಿರುತ್ತಾರೆ. ಬರೀ ‘ಸ್ವೀಟ್’ ಎಂದಿದ್ದರೂ ನಡುವೆ ಬಾಗಿಲಿರುತ್ತದೆಂಬ ಖಾತ್ರಿಯಿಲ್ಲ, ಅರ್ಧ ಎತ್ತರದ ಗೋಡೆ ಇರಬಹುದು. ‘ಒನ್ ಬೆಡ್‌ರೂಮ್ ಸ್ವೀಟ್’ ಅಥವಾ ‘ಒನ್ ಬೆಡ್‌ರೂಮ್ ಅಪಾರ್ಟ್‌ಮೆಂಟ್’ ಎಂದಿದ್ದರೆ ಮಲಗುವ ಕೋಣೆ ಬೇರೆಯೇ ಇದೆ ಎಂದರ್ಥ. ಆಗಲೂ ಬಾಗಿಲು ಪೂರ್ತಿ ಮುಚ್ಚುತ್ತದೆಯೇ ಎಂದು ಒಂದು ಮಾತು ಕೇಳುವುದರಲ್ಲಿ ನಷ್ಟವಿಲ್ಲ.

ಎರಡು ರೂಮು ತೆಗೆದುಕೊಳ್ಳುವವರು ತಿಳಿಯಬೇಕಾದ ಮೂರು ಪದಗಳಿವೆ. ‘ಕನೆಕ್ಟಿಂಗ್’ ಎಂದರೆ ಎರಡು ರೂಮುಗಳ ನಡುವೆ ಒಳಗಿನಿಂದಲೇ ಬಾಗಿಲು. ‘ಅಡ್‌ಜಾಯ್ನಿಂಗ್’ ಎಂದರೆ ಅಕ್ಕಪಕ್ಕದ ರೂಮುಗಳು, ಗೋಡೆ ಒಂದೇ ಆದರೂ ಬಾಗಿಲು ಇರಲೇಬೇಕೆಂದಿಲ್ಲ. ‘ಅಡ್ಜಸೆಂಟ್’ ಎಂದರೆ ಹತ್ತಿರದಲ್ಲೆಲ್ಲೋ, ಮೊಗಸಾಲೆಯ (ಕಾರಿಡಾರಿನ) ಆಚೆ ಬದಿಯಲ್ಲೂ ಇರಬಹುದು. ಹೋಟೆಲಿನ ಸಿಬ್ಬಂದಿಯೇ ಈ ಮೂರನ್ನೂ ಕಲಸುವುದುಂಟು. ನಾವು ಒಮ್ಮೆ ಹೀಗೆ ಅಡ್‌ಜಾಯ್ನಿಂಗ್ ರೂಮುಗಳಲ್ಲಿ ಸಿಕ್ಕಿಕೊಂಡು, ಅಪ್ಪ ಮಗ ಒಂದು ಕಡೆ, ತಾಯಿ ಮಗಳು ಒಂದು ಕಡೆ, ಮೂರು ರಾತ್ರಿ ಫೋನಿನಲ್ಲಿ ಸಂಸಾರ ಮಾಡಿದೆವು. ಆದ್ದರಿಂದ ಪದವನ್ನು ನಂಬಬೇಡಿ. ‘ಮೊಗಸಾಲೆಗೆ ಬಾರದೆ ಒಂದು ರೂಮಿನಿಂದ ಇನ್ನೊಂದಕ್ಕೆ ಹೋಗಲು ಒಳಬಾಗಿಲು ಇದೆಯೇ’ ಎಂದು ಬಿಡಿಸಿ ಕೇಳಿ.

ಕನೆಕ್ಟಿಂಗ್ ರೂಮುಗಳಲ್ಲಿ ಇನ್ನೊಂದು ತೊಡಕು, ಅವು ಬಹುಪಾಲು ಕಡೆ ‘ಕೋರಿಕೆ’ ಮಾತ್ರ. ಅಂದು ಖಾಲಿಯಿದ್ದರೆ ಕೊಡುತ್ತಾರೆ, ಇಲ್ಲದಿದ್ದರೆ ಇಲ್ಲ. 2021ರಲ್ಲಿ ಹಿಲ್ಟನ್ ಸಮೂಹ ಕಾಯ್ದಿರಿಸುವಾಗಲೇ ಇಂಥ ರೂಮುಗಳನ್ನು ಖಚಿತಪಡಿಸುವ ಸೌಲಭ್ಯ ತಂದಿತು. ಅಂಥ ಸೌಲಭ್ಯವಿಲ್ಲದ ಕಡೆ ಹೋಟೆಲಿಗೇ ಬರೆದು ಖಚಿತಪಡಿಸಿಕೊಳ್ಳಬೇಕು. ಎರಡು ರೂಮುಗಳಿಗೂ ಒಬ್ಬೊಬ್ಬ ವಯಸ್ಕರ ಹೆಸರು ಬೇಕಾಗುತ್ತದೆ, ಹಾಗಾಗಿ ಅರ್ಜಿ ತುಂಬುವಾಗ ಪ್ರತಿ ರೂಮಿಗೆ ಒಬ್ಬರು ದೊಡ್ಡವರು, ಒಂದು ಮಗು ಎಂದು ಹಂಚಿಬಿಡಿ. ಎರಡು ಬೇರೆಬೇರೆ ಬುಕಿಂಗ್ ಸಂಖ್ಯೆ ಬಂದರೆ, ಎರಡೂ ಒಂದೇ ಕುಟುಂಬದ್ದು ಎಂದು ಜೋಡಿಸಿಡಲು ಹೇಳಿ.

ಇದೇ ಮಾತಿನ ಮತ್ತೊಂದು ಮಗ್ಗುಲು: ನೀವು ಒಂದೇ ರೂಮು ತೆಗೆದುಕೊಂಡಿದ್ದರೆ ಕನೆಕ್ಟಿಂಗ್ ರೂಮು ಬೇಡವೆಂದು ಹೇಳಿ. ಒಳಬಾಗಿಲು ಗೋಡೆಯಷ್ಟು ಸದ್ದು ತಡೆಯುವುದಿಲ್ಲ. ಪಕ್ಕದವರ ಟಿ.ವಿ. ನಿಮ್ಮ ಮಗುವಿಗೆ, ನಿಮ್ಮ ಮಗುವಿನ ಅಳು ಅವರಿಗೆ, ಎರಡೂ ಸ್ಪಷ್ಟವಾಗಿ ಕೇಳುತ್ತವೆ.

3. ಸೆಂಟಿಮೀಟರಿನಲ್ಲಿ ಯೋಚಿಸಿ

ಮಂಚಗಳ ಹೆಸರು ದೇಶದಿಂದ ದೇಶಕ್ಕೆ ಬೇರೆ. ಅಮೆರಿಕದ ಅಳತೆಯಲ್ಲಿ ಕಿಂಗ್ 193 ಸೆಂ.ಮೀ. ಅಗಲ, ಕ್ವೀನ್ 152, ಡಬಲ್ 137. ಬ್ರಿಟನ್ನಿನಲ್ಲಿ ಕಿಂಗ್ ಎಂದು ಕರೆಯುವ ಮಂಚ 150 ಸೆಂ.ಮೀ. ಮಾತ್ರ, ಅಂದರೆ ಅಮೆರಿಕದ ಕ್ವೀನಿಗಿಂತಲೂ ಕೂದಲೆಳೆಯಷ್ಟು ಕಿರಿದು. ‘ಮಗು ನಮ್ಮ ಜೊತೆಗೇ ಮಲಗುತ್ತದೆ, ಕಿಂಗ್ ಸಾಕು’ ಎಂದುಕೊಂಡವರು ಇಲ್ಲಿ ಎಡವುತ್ತಾರೆ.

ಒಂದು ಲೆಕ್ಕ ನೋಡಿ. 137 ಸೆಂ.ಮೀ. ಡಬಲ್ ಮಂಚದಲ್ಲಿ ಇಬ್ಬರು ಮಲಗಿದರೆ ತಲಾ 68 ಸೆಂ.ಮೀ. ದಕ್ಕುತ್ತದೆ. ಪೂರ್ಣ ಗಾತ್ರದ ತೊಟ್ಟಿಲಿನ ಒಳ ಅಗಲ ಅಮೆರಿಕದ ನಿಯಮದಂತೆ ಸುಮಾರು 71 ಸೆಂ.ಮೀ. ಅಂದರೆ ಡಬಲ್ ಮಂಚದಲ್ಲಿ ಮಲಗುವ ವಯಸ್ಕರಿಗೆ ತೊಟ್ಟಿಲ ಕೂಸಿಗಿರುವಷ್ಟೂ ಜಾಗವಿಲ್ಲ! ‘ಎರಡು ಡಬಲ್ ಮಂಚ, ನಾಲ್ವರಿಗೆ’ ಎಂಬ ರೂಮಿನಲ್ಲಿ ಒದೆಯುವ ಅಭ್ಯಾಸದ ಮಗುವಿನ ಪಕ್ಕ ಮಲಗುವವರು ಯಾರು ಎಂಬುದನ್ನು ಹೊರಡುವ ಮೊದಲೇ ತೀರ್ಮಾನಿಸಿಕೊಳ್ಳಿ. ಒಂದು ವರ್ಷದೊಳಗಿನ ಕೂಸನ್ನಂತೂ ದೊಡ್ಡವರ ಮಂಚದಲ್ಲಿ ಮಲಗಿಸುವುದು ಸುರಕ್ಷಿತವಲ್ಲ, ಕಿಂಗ್ ಆದರೂ ಅಷ್ಟೇ.

ನೆಲದ ವಿಸ್ತೀರ್ಣವನ್ನೂ ನೋಡಿ. ರೂಮಿನ ಚದರ ಮೀಟರ್ ಲೆಕ್ಕದಲ್ಲಿ ಸ್ನಾನದ ಮನೆಯೂ ಬಾಗಿಲ ಬಳಿಯ ಓಣಿಯೂ ಸೇರಿರುವುದೇ ಹೆಚ್ಚು. 20 ಚದರ ಮೀಟರ್, ಅಂದರೆ ಸುಮಾರು 215 ಚದರ ಅಡಿ ಎಂದು ಬರೆದಿದ್ದರೆ ಐದಾರು ಚದರ ಮೀಟರ್ ಅಲ್ಲಿಗೆ ಹೋಯಿತು, ಕಿಂಗ್ ಮಂಚಕ್ಕೆ ನಾಲ್ಕು ಹೋಯಿತು. ಉಳಿದದ್ದರಲ್ಲಿ ಮೇಜು, ಕುರ್ಚಿ, ಸೂಟ್‌ಕೇಸು, ತಳ್ಳುಗಾಡಿ, ತೊಟ್ಟಿಲು. ತೆರೆದಿಟ್ಟ ಸೂಟ್‌ಕೇಸು ಎಷ್ಟು ನೆಲ ನುಂಗುತ್ತದೆ ಎಂಬುದು ಯಾರಿಗೂ ಮೊದಲೇ ಹೊಳೆಯುವುದಿಲ್ಲ. ನನ್ನ ಮಟ್ಟಿಗೆ, ತೊಟ್ಟಿಲು ಬೇಕಿದ್ದರೆ 20 ಚದರ ಮೀಟರಿಗಿಂತ ಚಿಕ್ಕ ರೂಮು ಒಂದು ರಾತ್ರಿಗೆ ಮಾತ್ರ. ಅನುಮಾನವಿದ್ದರೆ ಮನೆಯ ನೆಲದ ಮೇಲೆ ಟೇಪಿನಿಂದ ಅಳತೆ ಗುರುತಿಸಿ, ಒಂದು ಕಡೆಯಿಂದ ಇನ್ನೊಂದು ಕಡೆಗೆ ಕತ್ತಲೆಯಲ್ಲಿ ನಡೆದು ನೋಡಿ.

ಬಂಕ್ ಮಂಚ ಮಕ್ಕಳಿಗೆ ಆಕರ್ಷಣೆ. ಆದರೆ ಆರು ವರ್ಷದೊಳಗಿನವರು ಮೇಲಿನ ಅಟ್ಟದಲ್ಲಿ ಮಲಗಬಾರದು. ನಿಮ್ಮ ಇಬ್ಬರೂ ಮಕ್ಕಳು ಆರಕ್ಕಿಂತ ಚಿಕ್ಕವರಾದರೆ ‘ನಾಲ್ವರಿಗೆ’ ಎಂದಿದ್ದ ರೂಮು ಅಲ್ಲಿಗೇ ಮೂವರದಾಯಿತು. ಬಿಡಿಸಿ ಹಾಸುವ ಸೋಫಾ ಹಾಸಿಗೆ ನಾಲ್ಕೈದು ವರ್ಷದವರಿಗೆ ಸರಿ, ಕೂಸಿಗೆ ಎಂದೂ ಸಲ್ಲ: ಮೆತ್ತೆಗಳ ನಡುವೆ ಮುಖ ಹುದುಗಿದರೆ ಉಸಿರು ಕಟ್ಟುತ್ತದೆ.

4. ಹುಡುಕುವಾಗ ವಯಸ್ಸು ಸುಳ್ಳು ಹೇಳಬೇಡಿ

ಇಬ್ಬರು ವಯಸ್ಕರು ಎಂದಷ್ಟೇ ಹಾಕಿ ಹುಡುಕಿದರೆ ದರ ಕಡಿಮೆ ಕಾಣುತ್ತದೆ. ಮಕ್ಕಳದ್ದನ್ನು ಹೋಗಿ ಹೇಳಿದರಾಯಿತು ಎನಿಸುತ್ತದೆ. ಹಾಗೆ ಮಾಡಬೇಡಿ. ಪ್ರತಿ ರೂಮಿಗೂ ಗರಿಷ್ಠ ಎಷ್ಟು ಜನ ಎಂಬ ಮಿತಿಯ ಹಿಂದೆ ಅಗ್ನಿ ಸುರಕ್ಷೆಯ ನಿಯಮಗಳೂ ಇರುತ್ತವೆ. ರಾತ್ರಿ ಹತ್ತಕ್ಕೆ ನಿದ್ದೆಗಣ್ಣಿನ ಮಗುವನ್ನು ಹೆಗಲಿಗೆ ಹಾಕಿಕೊಂಡು ನಿಂತಾಗ, ‘ಈ ರೂಮಿನಲ್ಲಿ ಮೂವರಿಗೆ ಅವಕಾಶವಿಲ್ಲ’ ಎಂದರೆ ಅವರದು ತಪ್ಪಲ್ಲ. ಕೆಲವು ಹೋಟೆಲುಗಳು ತೊಟ್ಟಿಲ ಕೂಸನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ, ಕೆಲವು ಹಿಡಿಯುತ್ತವೆ.

ವಯಸ್ಸಿನ ಗೆರೆ ಎಲ್ಲಿ ಎಂಬುದೂ ಒಂದೊಂದು ಕಡೆ ಒಂದೊಂದು: ಎರಡು, ಆರು, ಹನ್ನೆರಡು, ಕೆಲವೆಡೆ ಹದಿನೇಳರವರೆಗೂ ಉಚಿತ. ಲೆಕ್ಕ ಹಾಕುವುದು ಸಾಮಾನ್ಯವಾಗಿ ತಂಗುವ ದಿನದ ವಯಸ್ಸು, ಕಾಯ್ದಿರಿಸಿದ ದಿನದ್ದಲ್ಲ. ಪ್ರವಾಸದ ನಡುವೆ ಹುಟ್ಟುಹಬ್ಬ ಬರುವ ಮಗುವಿದ್ದರೆ ಮೊದಲೇ ಕೇಳಿ. ‘ಇರುವ ಹಾಸಿಗೆಯಲ್ಲಿ ಮಲಗಿದರೆ ಮಗುವಿಗೆ ಉಚಿತ’ ಎಂಬ ವಾಕ್ಯವನ್ನು ಎರಡು ಸಲ ಓದಿ: ಹೆಚ್ಚುವರಿ ಮಂಚ ಕೊಡುವುದಿಲ್ಲ, ನಿಮ್ಮ ಮಂಚದಲ್ಲೇ ಮಲಗಿಸಿಕೊಳ್ಳಿ ಎಂಬುದು ಅದರ ತಾತ್ಪರ್ಯ. ‘ಉಪಾಹಾರ ಸೇರಿದೆ’ ಎಂಬಲ್ಲಿಯೂ ಅದು ಇಬ್ಬರಿಗೆ ಮಾತ್ರವೇ, ಮಕ್ಕಳಿಗೂ ಉಂಟೇ ಎಂದು ನೋಡಿ.

ಬಳಿಕ ಮೂರು ದಾರಿಗಳ ಒಟ್ಟು ಮೊತ್ತವನ್ನು ಪಕ್ಕಪಕ್ಕ ಬರೆಯಿರಿ: ಒಂದು ದೊಡ್ಡ ಫ್ಯಾಮಿಲಿ ರೂಮು ಅಥವಾ ಸ್ವೀಟ್, ಒಳಬಾಗಿಲಿರುವ ಎರಡು ಸಾಧಾರಣ ರೂಮು, ಮಲಗುವ ಕೋಣೆ ಬೇರೆಯಿರುವ ಅಪಾರ್ಟ್‌ಮೆಂಟ್. ತೆರಿಗೆ, ಹೆಚ್ಚುವರಿ ಮಂಚದ ದಿನದ ಬಾಡಿಗೆ, ಉಪಾಹಾರ, ಸ್ವಚ್ಛತೆಯ ಶುಲ್ಕ ಎಲ್ಲ ಸೇರಲಿ. ಎರಡು ಸಾಧಾರಣ ರೂಮು ಒಂದು ಸ್ವೀಟಿಗಿಂತ ಅಗ್ಗವಾಗುವುದುಂಟು, ಜೊತೆಗೆ ಎರಡು ಸ್ನಾನದ ಮನೆ ಸಿಗುತ್ತದೆ. ಒಂದು ಮಗು ಹೊಟ್ಟೆ ಕೆಡಿಸಿಕೊಂಡ ದಿನ ಆ ಎರಡನೆಯ ಸ್ನಾನದ ಮನೆಯ ಬೆಲೆ ಗೊತ್ತಾಗುತ್ತದೆ. ಅಪಾರ್ಟ್‌ಮೆಂಟಿನ ಸ್ವಚ್ಛತೆ ಶುಲ್ಕ ಸಾಮಾನ್ಯವಾಗಿ ಒಂದೇ ಸಲ ಬೀಳುವುದರಿಂದ ಮೂರು ರಾತ್ರಿ ದಾಟಿದರೆ ಗಿಟ್ಟುತ್ತದೆ. ಬಟ್ಟೆ ಒಗೆಯುವ ಯಂತ್ರ, ಹಾಲು ಬಿಸಿ ಮಾಡಲು ಒಲೆ, ನಿಜವಾದ ಫ್ರಿಜ್ ಇರುತ್ತವೆ. ಆದರೆ ಹಲವು ಕಡೆ ರಾತ್ರಿ ಎರಡಕ್ಕೆ ಹಾಸಿಗೆ ಒದ್ದೆಯಾದರೆ ಬೇರೆ ಹೊದಿಕೆ ತಂದುಕೊಡುವವರಿರುವುದಿಲ್ಲ. ಒಂದೆರಡು ರಾತ್ರಿಗೆ ಹೋಟೆಲ್, ಅದಕ್ಕೂ ಹೆಚ್ಚಾದರೆ ಅಪಾರ್ಟ್‌ಮೆಂಟ್ ಎಂಬುದು ನಮ್ಮ ಮನೆಯ ರೂಢಿ.

5. ಚಿತ್ರ ಮತ್ತು ವಿಮರ್ಶೆಗಳನ್ನು ಶಂಕೆಯಿಂದ ನೋಡಿ

ಹೋಟೆಲಿನ ಚಿತ್ರಗಳನ್ನು ತೆಗೆಯುವುದು ಅಗಲ ಕೋನದ ಮಸೂರದಲ್ಲಿ. ಗೂಡಿನಂಥ ರೂಮೂ ಸಭಾಂಗಣದಂತೆ ಕಾಣುತ್ತದೆ. ತಂಗಿದವರು ಹಾಕಿದ ಚಿತ್ರಗಳೇ ಸಾಕ್ಷಿ. ಮಂಚಕ್ಕೂ ಗೋಡೆಗೂ ನಡುವೆ ಎಷ್ಟು ಜಾಗವಿದೆ, ಕಿಟಕಿಗೆ ದಪ್ಪ ಪರದೆ ಇದೆಯೇ, ಸ್ನಾನಕ್ಕೆ ಟಬ್ ಇದೆಯೇ ಬರೀ ಷವರೇ, ಇವನ್ನು ಗಮನಿಸಿ. ಷವರಿಗೆ ಹೆದರುವ ಎರಡು ವರ್ಷದ ಮಗುವಿದ್ದರೆ ಟಬ್ ಅಥವಾ ಕೊನೇ ಪಕ್ಷ ಕೈಯಲ್ಲಿ ಹಿಡಿಯುವ ಷವರ್ ಬೇಕು.

ಗಾಜಿನ ಗೋಡೆಯ ಸ್ನಾನದ ಮನೆಗಳು ಈಗ ಹಲವೆಡೆ. ಅದನ್ನು ಕಂಡುಹಿಡಿದವರಿಗೆ ಮಕ್ಕಳಿರಲಿಲ್ಲ ಎಂಬುದು ನನ್ನ ದೃಢ ನಂಬಿಕೆ. ಅಲ್ಲಿ ದೀಪ ಹಾಕಿದರೆ ಇಡೀ ರೂಮು ಬೆಳಗುತ್ತದೆ, ಟಬ್ಬಿನ ಅಂಚಿನ ಮೇಲೆ ಕೂರುವ ಆ ಕೊನೆಯ ಆಸರೆಯೂ ತಪ್ಪಿತು.

ವಿಮರ್ಶೆಗಳಲ್ಲಿ ‘ಮಗು’, ‘ತೊಟ್ಟಿಲು’, ‘ಸದ್ದು’, ‘ಲಿಫ್ಟ್’ ಎಂಬ ಪದಗಳನ್ನು ಹುಡುಕಿ. ಕಳೆದ ಆರು ತಿಂಗಳಿನವನ್ನು ಮಾತ್ರ ಓದಿದರೆ ಸಾಕು. ಹೊಗಳುಭಟ್ಟರನ್ನೂ ಸಿಡುಕರನ್ನೂ ಬಿಟ್ಟು, ಐದಕ್ಕೆ ಮೂರು ನಕ್ಷತ್ರ ಕೊಟ್ಟವರನ್ನು ಓದುವುದು ಲೇಸು. ‘ಎಲ್ಲ ಚೆನ್ನಾಗಿತ್ತು, ಆದರೆ’ ಎಂದು ಬರೆಯುವವರು ಅವರೇ.

6. ಹೋಟೆಲಿಗೆ ಒಂದು ಪತ್ರ ಬರೆಯಿರಿ

ಬುಕಿಂಗ್ ಅರ್ಜಿಯ ಕೊನೆಯಲ್ಲಿರುವ ‘ವಿಶೇಷ ಕೋರಿಕೆ’ ಎಂಬ ಚೌಕದಲ್ಲಿ ಬರೆದದ್ದು ಸರಿಯಾದವರ ಕಣ್ಣಿಗೆ ಬೀಳುತ್ತದೆಂದು ನಂಬಬೇಡಿ. ಹಣ ಕಟ್ಟುವ ಮೊದಲೇ ನೇರವಾಗಿ ಇ-ಮೇಲ್ ಮಾಡಿ. ಹೌದು, ಇಲ್ಲ ಅಥವಾ ಒಂದು ಸಂಖ್ಯೆಯಲ್ಲಿ ಉತ್ತರಿಸಬಹುದಾದ ಪ್ರಶ್ನೆಗಳೇ ಇರಲಿ. ‘ನಿಮ್ಮ ಹೋಟೆಲ್ ಮಕ್ಕಳಿಗೆ ಅನುಕೂಲವೇ’ ಎಂದು ಕೇಳಿದರೆ ‘ಖಂಡಿತ’ ಎಂಬ ಉತ್ತರ ಬರುತ್ತದೆ, ಅದರಿಂದ ಏನೂ ತಿಳಿಯುವುದಿಲ್ಲ. ನಾನು ಬರೆಯುವುದು ಹೆಚ್ಚುಕಡಿಮೆ ಹೀಗೆ:

“ನಮಸ್ಕಾರ. ಇಬ್ಬರು ವಯಸ್ಕರು ಮತ್ತು 4 ಹಾಗೂ 1 ವರ್ಷದ ಇಬ್ಬರು ಮಕ್ಕಳು ಮುಂದಿನ ತಿಂಗಳು ನಿಮ್ಮಲ್ಲಿ ಮೂರು ರಾತ್ರಿ ತಂಗಲು ಯೋಚಿಸಿದ್ದೇವೆ. ಒನ್ ಬೆಡ್‌ರೂಮ್ ಸ್ವೀಟ್ ಕಾಯ್ದಿರಿಸುವ ಮೊದಲು ದಯವಿಟ್ಟು ತಿಳಿಸಿ: ಮಲಗುವ ಕೋಣೆಗೂ ಕೂರುವ ಕೋಣೆಗೂ ನಡುವೆ ಮುಚ್ಚುವ ಬಾಗಿಲು ಇದೆಯೇ? ಕೂರುವ ಕೋಣೆಯ ಸೋಫಾ ಹಾಸಿಗೆಯ ಅಗಲ ಎಷ್ಟು ಸೆಂ.ಮೀ.? ಮಲಗುವ ಕೋಣೆಯಲ್ಲಿ ತೊಟ್ಟಿಲು ಹಿಡಿಸುತ್ತದೆಯೇ? ತೊಟ್ಟಿಲನ್ನು ಈ ದಿನಗಳಿಗೆ ಖಚಿತವಾಗಿ ನಮಗೆ ಎತ್ತಿಡಲು ಸಾಧ್ಯವೇ, ಅದಕ್ಕೆ ಶುಲ್ಕವಿದೆಯೇ? ಈ ರೂಮಿಗೆ ಬಾಲ್ಕನಿ ಇದೆಯೇ, ಅದರ ಬಾಗಿಲಿಗೆ ಬೀಗ ಹಾಕಬಹುದೇ? ಲಿಫ್ಟಿನಿಂದ ದೂರದ ರೂಮು ಸಿಕ್ಕರೆ ಉಪಕಾರ.”

ಉತ್ತರದಲ್ಲಿ ‘ಪ್ರಯತ್ನಿಸುತ್ತೇವೆ’ ಎಂದಿದ್ದರೆ ಅದು ಇಲ್ಲ ಎಂಬುದರ ಸಭ್ಯ ರೂಪ ಎಂದೇ ತಿಳಿಯಿರಿ. ‘ನಿಮ್ಮ ಬುಕಿಂಗಿನಲ್ಲಿ ದಾಖಲಿಸಿದ್ದೇವೆ’ ಎಂದಿದ್ದರೆ ವಾಸಿ. ‘ಖಚಿತಪಡಿಸಿದ್ದೇವೆ’ ಎಂದಿದ್ದರೆ ಆ ಪತ್ರವನ್ನು ಮೊಬೈಲಿನಲ್ಲಿ ಉಳಿಸಿಕೊಳ್ಳಿ, ಅಂತರಜಾಲ ಇಲ್ಲದಾಗಲೂ ತೆರೆಯುವಂತೆ. ಎರಡು ಮೂರು ದಿನವಾದರೂ ಉತ್ತರವೇ ಬಾರದಿದ್ದರೆ ಅದೂ ಒಂದು ಉತ್ತರವೇ.

7. ಹಣ ಕಟ್ಟುವ ಗಳಿಗೆ

ಇಲ್ಲಿ ಹೆಚ್ಚು ಹೇಳುವುದಿಲ್ಲ. ಹಿಂಪಾವತಿ ಇಲ್ಲದ ದರ ಎಷ್ಟೇ ಅಗ್ಗವಿದ್ದರೂ ಪುಟ್ಟ ಮಕ್ಕಳಿರುವವರು ತೆಗೆದುಕೊಳ್ಳಬಾರದು. ಹೊರಡುವ ಹಿಂದಿನ ರಾತ್ರಿಯೇ ಜ್ವರ ಬರುವುದು ಮಕ್ಕಳ ಜನ್ಮಸಿದ್ಧ ಹಕ್ಕು. ಉಚಿತ ರದ್ದತಿಯ ಗಡುವನ್ನು ಸಾಮಾನ್ಯವಾಗಿ ಹೋಟೆಲ್ ಇರುವ ಊರಿನ ಸಮಯದಲ್ಲಿ ಲೆಕ್ಕ ಹಾಕುತ್ತಾರೆ, ಅದನ್ನು ನಿಮ್ಮ ಸಮಯಕ್ಕೆ ಬದಲಿಸಿ ಕ್ಯಾಲೆಂಡರಿನಲ್ಲಿ ಬರೆದಿಡಿ. ಮಧ್ಯವರ್ತಿ ಜಾಲತಾಣಗಳಲ್ಲಿ ಹುಡುಕಿ ಹೋಲಿಸಿ, ಕಾಯ್ದಿರಿಸುವುದನ್ನು ದರ ಸಮವಿದ್ದರೆ ಹೋಟೆಲಿನಲ್ಲೇ ಮಾಡಿ. ರೂಮು ಬದಲಿಸಬೇಕಾದಾಗ, ದಿನಾಂಕ ಸರಿಸಬೇಕಾದಾಗ ‘ನೀವು ಅವರನ್ನೇ ಕೇಳಿ’ ಎಂಬ ಮಾತು ಕೇಳುವುದು ತಪ್ಪುತ್ತದೆ.

8. ತೊಟ್ಟಿಲಿನ ವಿಷಯ

‘ತೊಟ್ಟಿಲು ಲಭ್ಯ’ ಎಂಬ ಎರಡು ಪದಗಳೊಳಗೆ ಏನೇನೋ ಅಡಗಿರುತ್ತದೆ. ಮರದ ಪೂರ್ಣ ತೊಟ್ಟಿಲೂ ಆಗಬಹುದು, ಬಟ್ಟೆಯ ಬದಿಗಳಿರುವ ಮಡಚುವ ತೊಟ್ಟಿಲೂ ಆಗಬಹುದು. ನೂರು ರೂಮುಗಳ ಹೋಟೆಲಿನಲ್ಲಿ ಇರುವುದು ಮೂರೇ ತೊಟ್ಟಿಲಾಗಿದ್ದು, ರಜೆಯ ದಿನಗಳಲ್ಲಿ ಮೊದಲು ಬಂದವರಿಗೆ ಸಿಗುವುದೂ ಉಂಟು. ಮಡಚುವ ತೊಟ್ಟಿಲುಗಳಲ್ಲಿ ಮಗುವಿನ ತೂಕ, ಎತ್ತರದ ಮಿತಿ ಬರೆದಿರುತ್ತದೆ. ಎರಡು ವರ್ಷ ದಾಟಿದ ದಷ್ಟಪುಷ್ಟ ಮಗುವಾದರೆ ಮೊದಲೇ ಕೇಳಿ.

ತೊಟ್ಟಿಲು ರೂಮಿಗೆ ಬಂದ ಮೇಲೆ ಎರಡು ನಿಮಿಷ ಪರೀಕ್ಷಿಸಿ. ಕಂಬಿಗಳ ನಡುವಿನ ಸಂದು 6 ಸೆಂ.ಮೀ.ಗಿಂತ ಹೆಚ್ಚಿರಬಾರದು; ತಂಪುಪಾನೀಯದ ಸಾಮಾನ್ಯ ಡಬ್ಬಿ ಸಂದಿನಲ್ಲಿ ತೂರಿದರೆ ಆ ತೊಟ್ಟಿಲು ಬೇಡ. ಹಾಸಿಗೆಗೂ ಬದಿಗೂ ನಡುವೆ ಎರಡು ಬೆರಳಿಗಿಂತ ಹೆಚ್ಚು ಜಾಗವಿರಬಾರದು. ಹಾಸಿಗೆ ಗಟ್ಟಿಯಾಗಿ, ಸಮತಟ್ಟಾಗಿರಬೇಕು. ‘ಪಾಪ, ಕೂಸಿಗೆ ಗಟ್ಟಿಯಾಯಿತು’ ಎಂದು ಹೋಟೆಲಿನವರು ಮಡಚಿ ಹಾಸಿದ ರಜಾಯಿ, ಇಟ್ಟ ದಿಂಬು, ಬೊಂಬೆ ಎಲ್ಲವನ್ನೂ ತೆಗೆದುಬಿಡಿ. ಒಂದು ಬದಿ ಕೆಳಗೆ ಜಾರುವ ಹಳೆಯ ಮಾದರಿಯ ತೊಟ್ಟಿಲು ಕೊಟ್ಟರೆ ಒಪ್ಪಬೇಡಿ. ಆ ಬದಿ ಕಳಚಿ ಮಕ್ಕಳು ಸಿಕ್ಕಿಕೊಂಡು ಸತ್ತ ಪ್ರಕರಣಗಳ ನಂತರ ಅಮೆರಿಕ 2011ರ ಜೂನ್‌ನಲ್ಲಿ ಅವುಗಳ ತಯಾರಿಕೆ, ಮಾರಾಟವನ್ನು ನಿಷೇಧಿಸಿತು. ಅಲ್ಲಿನ ಹೋಟೆಲುಗಳಿಗೆ ಅವನ್ನು ಬದಲಿಸಲು 2012ರ ಡಿಸೆಂಬರ್ 28ರ ಗಡುವಿತ್ತು.

ಮನೆಯಲ್ಲಿ ಬಳಸಿದ ಹಾಸುಬಟ್ಟೆಯೊಂದನ್ನು ಒಗೆಯದೆ ಒಯ್ಯಿರಿ. ತೊಟ್ಟಿಲ ಹಾಸಿಗೆಗೆ ಬಿಗಿಯಾಗಿ ಕೂರುವಂಥದ್ದಿದ್ದರೆ ಮಾತ್ರ ಅದನ್ನು ಹಾಸಿ. ಮನೆಯ ವಾಸನೆ ಅರ್ಧ ಕೆಲಸ ಮಾಡುತ್ತದೆ.

9. ಹೋಗುವ ಮುನ್ನ, ಹೋದ ಮೇಲೆ

ಹೊರಡುವ ಎರಡು ದಿನ ಮೊದಲು ಫೋನ್ ಮಾಡಿ, ಪತ್ರದಲ್ಲಿ ಒಪ್ಪಿದ್ದನ್ನು ಮತ್ತೊಮ್ಮೆ ಓದಿ ಹೇಳಿ. ತಲುಪುವ ಸಮಯವನ್ನೂ ತಿಳಿಸಿ. ಹೆಚ್ಚಿನ ಹೋಟೆಲುಗಳು ರೂಮು ಕೊಡುವುದು ಮಧ್ಯಾಹ್ನ ಎರಡು ಮೂರರ ಮೇಲೆ, ಬಿಡಿಸುವುದು ಹನ್ನೊಂದು ಹನ್ನೆರಡಕ್ಕೆ. ಮಗುವಿನ ನಿದ್ದೆಯ ಹೊತ್ತು ಸರಿಯಾಗಿ ಈ ನಡುವಿನ ತೂತಿಗೆ ಬೀಳುತ್ತದೆ. ಬೆಳಗಿನ ಜಾವ ತಲುಪುವವರಾದರೆ ಹಿಂದಿನ ರಾತ್ರಿಗೂ ಸೇರಿಸಿ ಕಾಯ್ದಿರಿಸುವುದೇ ವಾಸಿ. ಆಗ ಬರುವ ಗಂಟೆಯನ್ನು ತಪ್ಪದೆ ತಿಳಿಸಿ, ಇಲ್ಲದಿದ್ದರೆ ಬರಲಿಲ್ಲವೆಂದು ರೂಮನ್ನು ಬೇರೆಯವರಿಗೆ ಕೊಟ್ಟುಬಿಟ್ಟಾರು. ಮಕ್ಕಳ ಗುರುತಿನ ದಾಖಲೆಗಳೂ ಜೊತೆಗಿರಲಿ.

ತಲುಪಿದಾಗ ಸಾಮಾನೆಲ್ಲ ಬಿಚ್ಚುವ ಮೊದಲು ಒಬ್ಬರು ರೂಮು ನೋಡಿ ಬನ್ನಿ, ಇನ್ನೊಬ್ಬರು ಮಕ್ಕಳೊಂದಿಗೆ ಕೆಳಗಿರಲಿ. ರೂಮು ಬೇರೆಯೇ ಆಗಿದ್ದರೆ ಪತ್ರ ತೋರಿಸಿ, ‘ಇದಕ್ಕೆ ಸಮನಾದದ್ದು ಯಾವುದಿದೆ’ ಎಂದು ಮೆತ್ತಗೆ ಕೇಳಿ. ರಿಸೆಪ್ಷನ್ನಿನಲ್ಲಿರುವವರು ಈ ತಪ್ಪು ಮಾಡಿದವರಲ್ಲ, ಆದರೆ ಕೀಲಿ ಇರುವುದು ಅವರ ಕೈಯಲ್ಲಿ. ಸಾಮಾನು ಬಿಚ್ಚಿ, ಮಂಚದ ಮೇಲೆ ಮಕ್ಕಳು ಕುಣಿದ ಮೇಲೆ ರೂಮು ಬದಲಿಸಿಕೊಡಿ ಎನ್ನುವುದು ಕಷ್ಟ.

ರೂಮು ಸರಿಯಿದೆ ಎಂದಾದ ಮೇಲೆ ಮಂಡಿಯೂರಿ ಅಂಬೆಗಾಲಿನ ಎತ್ತರದಿಂದ ಒಂದು ಸುತ್ತು ಬನ್ನಿ. ಇಳಿಬಿದ್ದ ಪರದೆಯ ದಾರ ಕೊರಳಿಗೆ ಸುತ್ತಿಕೊಳ್ಳಬಹುದು, ಮೇಲಕ್ಕೆ ಕಟ್ಟಿ. ಕೆಟಲಿನ ತಂತಿಯನ್ನು ಹಿಂದಕ್ಕೆ ಸರಿಸಿ. ಸ್ನಾನದ ಮನೆಯ ಬಿಸಿನೀರನ್ನು ನೀವೇ ಮುಟ್ಟಿ ನೋಡಿ: ದೊಡ್ಡ ಕಟ್ಟಡಗಳಲ್ಲಿ ರೋಗಾಣು ಬೆಳೆಯದಂತೆ ನೀರನ್ನು 60 ಡಿಗ್ರಿ ಸೆಲ್ಸಿಯಸ್ ಸುಮಾರಿಗೆ ಕಾಯಿಸಿಡುತ್ತಾರೆ, ಆ ಬಿಸಿ ಮಗುವಿನ ಚರ್ಮವನ್ನು ಕೆಲವೇ ಸೆಕೆಂಡುಗಳಲ್ಲಿ ಸುಡುತ್ತದೆ. ಬಾಲ್ಕನಿಯಲ್ಲಿ ಕಂಬಿಗಳ ಸಂದು 10 ಸೆಂ.ಮೀ.ಗಿಂತ ಹೆಚ್ಚಿದ್ದರೆ ಮಕ್ಕಳನ್ನು ಅಲ್ಲಿಗೆ ಬಿಡಬೇಡಿ. ಸಂದು ಕಿರಿದಾಗಿದ್ದರೂ ಅಲ್ಲಿರುವ ಕುರ್ಚಿ, ಮೇಜನ್ನು ಒಳಗೆ ತಂದಿಡಿ, ಮಕ್ಕಳು ಹತ್ತುವುದು ಅವುಗಳ ಮೇಲೆ.

ಮಿನಿಬಾರಿನ, ಅಂದರೆ ತಿಂಡಿ ಪಾನೀಯ ತುಂಬಿಟ್ಟಿರುವ ರೂಮಿನ ಪುಟ್ಟ ಫ್ರಿಜ್ಜಿನ ವಿಷಯದಲ್ಲಿ ಎರಡು ಮಾತು. ಕೆಲವದರಲ್ಲಿ ಸಾಮಾನು ಎತ್ತಿದೊಡನೆ ಬಿಲ್ಲಿಗೆ ಸೇರುವ ಸಂವೇದಕವಿರುತ್ತದೆ, ಮಕ್ಕಳ ಕೈಗೆ ಅದು ಆಟದ ಸಾಮಾನು. ಖಾಲಿ ಮಾಡಿಸಿ ಅಥವಾ ಬೀಗ ಹಾಕಿಸಿ. ಹಿಂಡಿಟ್ಟ ಎದೆಹಾಲು 4 ಡಿಗ್ರಿಯ ಫ್ರಿಜ್ಜಿನಲ್ಲಿ ನಾಲ್ಕು ದಿನ ಇರುತ್ತದೆ, ಹೊರಗಡೆ 25 ಡಿಗ್ರಿಯೊಳಗೆ ನಾಲ್ಕೇ ಗಂಟೆ. ಹಲವು ಮಿನಿಬಾರುಗಳು 4 ಡಿಗ್ರಿಗೆ ಇಳಿಯುವುದೇ ಇಲ್ಲ. ಬಾಗಿಲ ಕೀಲಿಯ ಕಾರ್ಡನ್ನು ಗೋಡೆಯ ಸೀಳಿನಿಂದ ತೆಗೆದರೆ ರೂಮಿನ ವಿದ್ಯುತ್ತೇ ನಿಲ್ಲುವ ಕಡೆ ಫ್ರಿಜ್ಜೂ ನಿಲ್ಲುತ್ತದೆಯೇ ಎಂದು ನೋಡಿಕೊಳ್ಳಿ. ಅನುಮಾನವಿದ್ದರೆ ಹೋಟೆಲಿನ ಅಡುಗೆಮನೆಯ ಫ್ರಿಜ್ಜಿನಲ್ಲಿ ಹೆಸರು ಬರೆದು ಇಡಲು ಕೇಳಿ, ಸಾಮಾನ್ಯವಾಗಿ ಇಲ್ಲವೆನ್ನುವುದಿಲ್ಲ.

ಹೆಚ್ಚಿನವರು ಗಮನಿಸದ ಅಪಾಯ ರೂಮಿನ ಮುಂಬಾಗಿಲಿನದು. ಬೆಂಕಿ ಬಿದ್ದಾಗ ಸುಲಭವಾಗಿ ಹೊರಬರಲೆಂದು ಹೋಟೆಲ್ ಬಾಗಿಲುಗಳು ಒಳಗಿನಿಂದ ಹಿಡಿಕೆ ಒತ್ತಿದರೆ ಸಾಕು, ತೆರೆಯುತ್ತವೆ. ಎರಡು ವರ್ಷದ ಮಗುವಿಗೂ ಅದು ಸಾಧ್ಯ. ಹೊರಗೆ ಕಾಲಿಟ್ಟ ಕೂಡಲೇ ಬಾಗಿಲು ತಾನಾಗಿ ಮುಚ್ಚಿ ಬೀಗ ಬೀಳುತ್ತದೆ. ಮಗು ಮೊಗಸಾಲೆಯಲ್ಲಿ, ನೀವು ಸ್ನಾನದ ಮನೆಯಲ್ಲಿ. ಮೇಲ್ಗಡೆಯ ಚಿಲಕವನ್ನು ಸದಾ ಹಾಕಿಡಿ. ಅದಿಲ್ಲದಿದ್ದರೆ ಬಾಗಿಲು ಅಲುಗಿದರೆ ಸದ್ದಾಗುವಂತೆ ಹಿಡಿಕೆಗೆ ಏನನ್ನಾದರೂ ತೂಗುಹಾಕಿ. ಸೂಟ್‌ಕೇಸು ಅಡ್ಡ ಇಡಬೇಡಿ, ತುರ್ತಿನಲ್ಲಿ ಅದೇ ಕಾಲಿಗೆ ತೊಡರುತ್ತದೆ.

ಉಳಿದದ್ದು ತೊಟ್ಟಿಲ ಜಾಗ. ಕಿಟಕಿಯಿಂದ, ಎ.ಸಿ.ಯ ನೇರ ಗಾಳಿಯಿಂದ, ಪರದೆಯ ಅಂಚಿನಿಂದ ದೂರ ಇರಲಿ. ಹಗಲಿನಲ್ಲೇ ಪರದೆ ಎಳೆದು, ದೀಪ ಆರಿಸಿ ಎಲ್ಲಿಂದ ಬೆಳಕು ಬರುತ್ತದೆ ನೋಡಿ. ಪರದೆಗಳ ನಡುವಿನ ಸಂದಿಗೆ ಬಟ್ಟೆ ಒಣಹಾಕುವ ಎರಡು ಕ್ಲಿಪ್, ಟಿ.ವಿ.ಯ ಕೆಳಗೆ ಮಿನುಗುವ ಕೆಂಪು ಚುಕ್ಕೆಗೆ ಒಂದು ತುಂಡು ಟೇಪ್. ಮಲಗುವ ಕೋಣೆಯ ಬಾಗಿಲನ್ನು ಒಮ್ಮೆ ತೆರೆದು ಮುಚ್ಚಿ, ಕೀಲು ಕಿರುಗುಟ್ಟುತ್ತದೆಯೇ ಎಂದು ಕೇಳಿಸಿಕೊಳ್ಳಿ. ಕಿರುಗುಟ್ಟಿದರೆ ಕೀಲಿಗೆ ನಾಲ್ಕು ಹನಿ ಎಣ್ಣೆ ಬಿಟ್ಟುಕೊಡಿ ಎಂದು ಕೆಳಗೆ ಫೋನ್ ಮಾಡಿ ಹೇಳಿ. ನಗುತ್ತಾರೆ, ಆದರೆ ಬಂದು ಬಿಟ್ಟುಕೊಡುತ್ತಾರೆ.